‘ಬ್ಯಾಡ’ ಅನ್ನಲು ಬಾರದ ಬಟನ್

ಹಳೆ ಕಾರಿಗೆ ಪುಶ್ ಬಟನ್ ಸ್ಟಾರ್ಟ್ ಹಾಕಿಸುವ ರೀಲ್ಸ್ ನಿಮ್ಮ ಫೋನಿಗೂ ಬಂದಿರಬೇಕು. ಡ್ಯಾಶ್‌ಬೋರ್ಡ್‌ಗೆ ಒಂದು ತೂತು, ಅದರಲ್ಲಿ ದುಂಡನೆಯ ಬಟನ್, ಸುತ್ತ ನೀಲಿ ಲೈಟು. ಬೆರಳಿಟ್ಟರೆ ಹತ್ತು ಹನ್ನೆರಡು ವರ್ಷದ ಗಾಡಿ ನಿನ್ನೆ ಶೋರೂಮಿನಿಂದ ಬಂದಂತೆ ಗುರ್ ಅನ್ನುತ್ತೆ. ಕಿಟ್ ಆನ್‌ಲೈನ್‌ನಲ್ಲಿ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತೆ, ಹಾಕೋದು ಅರ್ಧ ದಿನದ ಕೆಲಸ.

ಹಾಕಿಸಬೇಡಿ ಅಂತ ಹೇಳೋಕೆ ಈ ಅಂಕಣ ಬರೀತಿಲ್ಲ. ಹಾಕಿಸಬಹುದು. ಆದರೆ ಬಟನ್ ಬಂದ ಮೇಲೆ ಚಾವಿ ಇಷ್ಟು ದಿನ ಮಾಡುತ್ತಿದ್ದ ಕೆಲಸಗಳನ್ನ ಯಾರು ಮಾಡಬೇಕು ಅನ್ನೋ ಪ್ರಶ್ನೆ ರೀಲ್ಸ್‌ನಲ್ಲಿ ಬರಲ್ಲ. ಚಾವಿ ಅಂದ್ರೆ ಕೀ. ಬೀಳಗಿ, ಜಮಖಂಡಿ ಕಡೆ ನಾವು ಚಾವಿ ಅಂತೀವಿ, ಇಲ್ಲೂ ಹಾಗೇ ಬರೀತೀನಿ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಬೀಳಗಿಯಲ್ಲಿರುವ ಕಾಕಾನಿಂದ. ಅವರಿಗೆ ಅರವತ್ತು ದಾಟಿದೆ. ಮನೆ ಮುಂದೆ 2012ರ ಡೀಸೆಲ್ ಕಾರು ನಿಂತಿದೆ, ಕೆಎ-29 ನಂಬರು. ಎರಡು ವರ್ಷದ ಹಿಂದೆ ಬಲಗೈ ಮಣಿಕಟ್ಟು ಮುರಿದು ಪ್ಲೇಟ್ ಹಾಕಿದ್ದಾರೆ. ಗಾಡಿ ಓಡಿಸೋಕೆ ತೊಂದರೆ ಇಲ್ಲ. ಆದರೆ ಚಾವಿಯನ್ನ ಸ್ಪ್ರಿಂಗ್‌ಗೆ ಎದುರಾಗಿ ಪೂರ್ತಿ ತಿರುಗಿಸಿ ಹಿಡಿಯುವಾಗ ಕೈ ಚಳಕು ಹೊಡೆಯುತ್ತೆ. ಒಂದಿನ ಫೋನ್ ಮಾಡಿ, ‘ತಮ್ಮಾ, ಹೊಸ ಗಾಡ್ಯಾಗ ಬಟನ್ ಇರ್ತೈತೆಲ್ಲ, ನಮ್ಮ ಗಾಡಿಗೂ ಹಾಕಸೂಣೇನು? ಮಿಸ್ತ್ರಿ ಮೂರು ತಾಸಿನ ಕೆಲಸ ಅಂದಾನ’ ಅಂದ್ರು. ಇದು ಶೋಕಿ ಅಲ್ಲ, ನಿಜವಾದ ಅಗತ್ಯ. ಹಾಗಾಗಿ ಒಂದಷ್ಟು ಓದಿದೆ, ಒಂದಷ್ಟು ವೈರಿಂಗ್ ನಕ್ಷೆ ನೋಡಿದೆ. ತಿಳಿದದ್ದು ಇಲ್ಲಿದೆ.

ಬಟನ್ ಹಳೇದು, ಚಾವಿಯೇ ಹೊಸದು

ನಮ್ಮ ಕಡೆ ಹಳೆ ಡೀಸೆಲ್ ಪಂಪ್‌ಸೆಟ್ ನೋಡಿದವರಿಗೆ ಹ್ಯಾಂಡಲ್ ಹೊಡೆಯೋದು ಗೊತ್ತು. ಹ್ಯಾಂಡಲ್ ಸಿಕ್ಕಿಸಿ ಜೋರಾಗಿ ತಿರುಗಿಸಬೇಕು, ಎಂಜಿನ್ ಹತ್ತಿದ ಕೂಡಲೇ ಕೈ ತಪ್ಪಿಸಿಕೊಳ್ಳಬೇಕು. ಮೊದಮೊದಲ ಕಾರುಗಳೂ ಹಾಗೇ ಇದ್ದವು. ಎಂಜಿನ್ ಉಲ್ಟಾ ಒದ್ದರೆ ಹ್ಯಾಂಡಲ್ ಹಿಂದಕ್ಕೆ ಬಡಿದು ಮಣಿಕಟ್ಟು ಮುರೀತಿತ್ತು. ಇದಕ್ಕೆ ಪರಿಹಾರವಾಗಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ಬ್ಯಾಟರಿಯಿಂದ ತಿರುಗುವ ಸ್ಟಾರ್ಟರ್ ಮೋಟಾರ್ ಮಾಡಿ ತೋರಿಸಿದರು. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು.

ಅದಾದ ಮೇಲೆ ಬಹಳ ವರ್ಷ ಕಾರುಗಳಲ್ಲಿ ಸ್ಟಾರ್ಟ್ ಮಾಡೋಕೆ ಇದ್ದದ್ದು ಬಟನ್ ಇಲ್ಲವೇ ಕಾಲಲ್ಲಿ ತುಳಿಯುವ ಸ್ವಿಚ್. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ನೆಲದ ಮೇಲೇ ಸ್ಟಾರ್ಟರ್ ಸ್ವಿಚ್ ಇತ್ತು, ಬೂಟಿನಿಂದ ಒತ್ತಬೇಕಿತ್ತು. ಒಂದೇ ಚಾವಿ ತಿರುಗಿಸಿ ಎಲ್ಲವನ್ನೂ ಮಾಡುವ ಪದ್ಧತಿಯನ್ನ ಕ್ರೈಸ್ಲರ್ ಕಂಪನಿ 1949ರಲ್ಲಿ ತಂತು. ಆಮೇಲೆ 1998ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ ಚಾವಿ ಜೇಬಿನಲ್ಲೇ ಇದ್ದರೂ ಗಾಡಿ ಶುರುವಾಗುವ ವ್ಯವಸ್ಥೆ ಬಂತು. ನಮ್ಮ ದೇಶದಲ್ಲಿ 2010ರ ನಿಸಾನ್ ಮೈಕ್ರಾದಂಥ ಚಿಕ್ಕ ಕಾರಿನಲ್ಲೂ ಬಟನ್ ಕಾಣಿಸಿಕೊಂಡಿತು.

ಅಂದ್ರೆ ಜನ ಬಟನ್ನಿನಿಂದ ಚಾವಿಗೆ ಹೋಗಿ ಮತ್ತೆ ಬಟನ್ನಿಗೆ ಬಂದಿದ್ದಾರೆ. ಆದರೆ ಮೊದಲ ಬಟನ್ ಬೇರೆ, ಈಗಿನ ಬಟನ್ ಬೇರೆ. ಮೊದಲಿನದು ನೇರ ಸ್ವಿಚ್, ಒತ್ತಿದರೆ ಮೋಟಾರ್ ತಿರುಗುತ್ತೆ, ಅಷ್ಟೇ. ಈಗಿನ ಕಂಪನಿ ಬಟನ್ ಬರೀ ಒಂದು ಅರ್ಜಿ. ‘ಸ್ಟಾರ್ಟ್ ಮಾಡಬಹುದಾ?’ ಅಂತ ಅದು ಒಳಗಿನ ಕಂಪ್ಯೂಟರನ್ನ ಕೇಳುತ್ತೆ. ಚಾವಿ ಗಾಡಿ ಒಳಗಿದೆಯಾ, ಕ್ಲಚ್ ಇಲ್ಲವೇ ಬ್ರೇಕ್ ಒತ್ತಿದ್ದಾರಾ, ಸ್ಟೀರಿಂಗ್ ಲಾಕ್ ಬಿಟ್ಟಿದೆಯಾ, ಎಂಜಿನ್ ಈಗಾಗಲೇ ಓಡ್ತಿದೆಯಾ ಅಂತೆಲ್ಲ ನೋಡಿ ಅದು ಹೂಂ ಅನ್ನುತ್ತೆ ಅಥವಾ ಬೇಡ ಅನ್ನುತ್ತೆ.

ಅಗ್ಗದ ಕಿಟ್ ಹಾಕಿಸಿದಾಗ ನಿಮ್ಮ ಗಾಡಿಗೆ ಬರೋದು ನೋಡೋಕೆ ಈಗಿನ ಬಟನ್, ಕೆಲಸದಲ್ಲಿ ಜೀಪಿನ ಕಾಲದ ಬಟನ್.

ಚಾವಿ ಮಾಡುವ ಕೆಲಸ

ಚಾವಿ ತಿರುಗಿಸುವಾಗ ನಾಲ್ಕು ಮೆಟ್ಟಿಲು ಬರುತ್ತವೆ. ಮೊದಲನೆಯದು ಲಾಕ್. ಎಲ್ಲ ಬಂದ್, ಚಾವಿ ತೆಗೆದರೆ ಸ್ಟೀರಿಂಗ್ ಕೂಡ ಕಬ್ಬಿಣದ ಪಿನ್ನಿನಿಂದ ಲಾಕ್. ಎರಡನೆಯದು ಎಸಿಸಿ, ರೇಡಿಯೋ, ಚಾರ್ಜರ್ ಇಂಥವಕ್ಕೆ ಮಾತ್ರ ಕರೆಂಟ್. ಮೂರನೆಯದು ಆನ್. ಎಂಜಿನ್ ಕಂಪ್ಯೂಟರ್, ಇಂಧನ, ಏರ್‌ಬ್ಯಾಗ್, ಎಬಿಎಸ್ ಎಲ್ಲಾ ಏಳುತ್ತವೆ. ನಾಲ್ಕನೆಯದು ಸ್ಟಾರ್ಟ್. ಇಲ್ಲಿ ಮಾತ್ರ ಸ್ಪ್ರಿಂಗ್ ಇದೆ, ಕೈ ಬಿಟ್ಟರೆ ಚಾವಿ ತಾನೇ ಆನ್‌ಗೆ ವಾಪಸ್ ಬರುತ್ತೆ.

ಸ್ಟಾರ್ಟ್ ಆಗುವಾಗ ರೇಡಿಯೋ ಒಂದು ಕ್ಷಣ ಆಫ್ ಆಗೋದು ಗಮನಿಸಿದ್ದೀರಾ? ಅದು ಬೇಕಂತಲೇ ಮಾಡಿದ್ದು. ಸ್ಟಾರ್ಟರ್ ಮೋಟಾರ್ ಆ ಹೊತ್ತಿಗೆ ನೂರು ಆಂಪಿಯರ್‌ಗೂ ಹೆಚ್ಚು ಕರೆಂಟ್ ಎಳೆಯುತ್ತೆ. ಬ್ಯಾಟರಿ ಮೇಲೆ ಬೇರೆ ಭಾರ ಇರಬಾರದು ಅಂತ ಚಾವಿಯೇ ಉಳಿದದ್ದನ್ನ ಕಡಿಯುತ್ತೆ.

ಇನ್ನೊಂದು. ಎಂಜಿನ್ ಓಡುತ್ತಿರುವಾಗ ಚಾವಿಯನ್ನ ಮತ್ತೆ ಸ್ಟಾರ್ಟ್‌ಗೆ ತಿರುಗಿಸೋಕೆ ಹೋದರೆ ಎಷ್ಟೋ ಗಾಡಿಗಳಲ್ಲಿ ತಿರುಗಲ್ಲ. ಒಮ್ಮೆ ಹಿಂದಕ್ಕೆ ಆಫ್‌ಗೆ ಬಂದು ಮತ್ತೆ ಹೋಗಬೇಕು. ಓಡುವ ಎಂಜಿನ್ನಿನ ಫ್ಲೈವೀಲ್ ಹಲ್ಲಿಗೆ ಸ್ಟಾರ್ಟರ್ ಹಲ್ಲು ಬಡಿದು ಕರ್ರ್ ಅನ್ನಬಾರದು ಅಂತ ಚಾವಿಯೊಳಗೇ ಕೂರಿಸಿದ ತಡೆ ಅದು.

ಡೀಸೆಲ್ ಗಾಡಿ ಇದ್ದವರಿಗೆ ಇನ್ನೊಂದು ಗೊತ್ತು. ಆನ್ ಮಾಡಿದಾಗ ಸುರುಳಿ ಚಿತ್ರದ ದೀಪ ಹತ್ತುತ್ತೆ. ಸಿಲಿಂಡರ್ ಒಳಗಿನ ಗ್ಲೋ ಪ್ಲಗ್ ಕಾಯ್ತಾ ಇದೆ ಅಂತ ಅರ್ಥ. ದೀಪ ಆರಿದ ಮೇಲೆ ಸ್ಟಾರ್ಟ್ ಮಾಡಬೇಕು. ಬೀಳಗಿಯ ಬೇಸಿಗೆಯಲ್ಲಿ ಇದರ ನೆನಪೇ ಬರಲ್ಲ. ಡಿಸೆಂಬರ್ ಬೆಳಗ್ಗೆ ಮಾತ್ರ ಬರುತ್ತೆ. ಚಾವಿಯಲ್ಲಿ ಆನ್‌ನಿಂದ ಸ್ಟಾರ್ಟ್‌ಗೆ ಹೋಗುವ ನಡುವೆ ಕಾಯೋಕೆ ಜಾಗ ಇದೆ. ಒಂದೇ ಒತ್ತಿಗೆ ಎಲ್ಲ ಮಾಡುವ ಕಿಟ್‌ನಲ್ಲಿ ಆ ಜಾಗವೇ ಇಲ್ಲದಿರಬಹುದು.

ಸಾಫ್ಟ್‌ವೇರ್ ಕೆಲಸದವರಿಗೆ ಇದು ಪರಿಚಯದ ವಿಷಯ. ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಹೋಗಬಹುದು, ಯಾವುದಕ್ಕೆ ಹೋಗಲೇಬಾರದು ಅನ್ನೋ ನಿಯಮಗಳ ಪಟ್ಟಿ. ಚಾವಿ ಆ ಪಟ್ಟಿಯನ್ನ ಲೋಹದಲ್ಲಿ ಬರೆದಿಟ್ಟಿದೆ. ಯುಪಿಐನಲ್ಲಿ ದುಡ್ಡು ಕಳಿಸೋದು ಒಂದು ಬಟನ್. ಆದರೆ ನಮ್ಮ ದುಡ್ಡು ಕಾಯೋದು ಆ ಬಟನ್ ಅಲ್ಲ, ಅದಕ್ಕಿಂತ ಮೊದಲು ಕೇಳುವ ಪಿನ್. ದೊಡ್ಡ ಮೊತ್ತವನ್ನೂ ಪಿನ್ ಕೇಳದೆ ಕಳಿಸುವ ಆ್ಯಪ್ ಬಂದರೆ ಸಲೀಸು ಅಂತ ಹಾಕ್ಕೊಳ್ತೀವಾ?

ಗೇರಿನಲ್ಲಿ ನಿಂತ ಗಾಡಿ

ಇದು ಮನೆಯಲ್ಲಿ ಮಕ್ಕಳಿರುವವರು ಓದಲೇಬೇಕಾದ ಭಾಗ.

ನಮ್ಮಲ್ಲಿ ಬಹಳ ಜನ ಗಾಡಿಯನ್ನ ಗೇರಿನಲ್ಲಿ ಹಾಕಿ ನಿಲ್ಲಿಸ್ತಾರೆ. ಇಳಿಜಾರಿದ್ದರಂತೂ ಅದೇ ಸರಿ. ಆಗ ಸ್ಟಾರ್ಟರ್ ತಿರುಗಿದರೆ ಎಂಜಿನ್ ಹತ್ತುವ ಮೊದಲೇ ಗಾಡಿ ಮುಂದಕ್ಕೆ ಜಿಗಿಯುತ್ತೆ. ಸ್ಟಾರ್ಟರ್ ಮೋಟಾರ್ ಒಂದಕ್ಕೇ ಕಾರನ್ನ ಮುಂದಕ್ಕೆ ಎಳೆಯುವಷ್ಟು ಶಕ್ತಿ ಇದೆ. ಎಂಜಿನ್ ಹತ್ತಿಬಿಟ್ಟರೆ ಮುಂದಿನದು ಹೇಳೋದೇ ಬೇಡ.

ಚಾವಿ ಇದ್ದಾಗ ಈ ಅಪಾಯ ಕಡಿಮೆ, ಯಾಕಂದ್ರೆ ಚಾವಿ ಒಳಗೆ ಗೂಟಕ್ಕೆ ನೇತುಹಾಕಿರುತ್ತೆ. ಈಗ ಯೋಚಿಸಿ. ಗಾಡಿ ಪಡಸಾಲೆಯ ಪಕ್ಕದಲ್ಲೇ ನಿಂತಿದೆ. ರಿಮೋಟ್ ಕಟ್ಟೆ ಮೇಲೆ ಕೂತವರ ಜೇಬಿನಲ್ಲಿದೆ. ಕಿಟ್‌ನ ಆಂಟೆನಾ ಅಷ್ಟು ದೂರದಿಂದಲೇ ಅದನ್ನ ಗುರುತಿಸುತ್ತೆ. ಐದು ವರ್ಷದ ಮಗು ಬಾಗಿಲು ತೆರೆದು ಒಳಗೆ ಕೂತು ನೀಲಿ ಲೈಟಿನ ಬಟನ್ ಒತ್ತುತ್ತೆ. ಮಕ್ಕಳು ಲೈಟು ಇರುವ ಬಟನ್ ಬಿಡ್ತಾವಾ?

ಕಂಪನಿಯಿಂದ ಬಟನ್ ಜೊತೆಗೇ ಬಂದ ಕಾರಿನಲ್ಲಿ ಕ್ಲಚ್ ಪೂರ್ತಿ ತುಳಿಯದೆ, ಆಟೋಮ್ಯಾಟಿಕ್ ಆದರೆ ಬ್ರೇಕ್ ಒತ್ತದೆ, ಬಟನ್ ಒತ್ತಿದರೆ ಎಂಜಿನ್ ಹತ್ತಲ್ಲ. ಮಗುವಿನ ಕಾಲು ಕ್ಲಚ್ಚಿಗೆ ಎಟುಕಲ್ಲ. ಆ ಒಂದು ಚಿಕ್ಕ ಸ್ವಿಚ್ಚೇ ಕಾವಲು. ಅಗ್ಗದ ಕಿಟ್‌ಗಳಲ್ಲಿ ಬ್ರೇಕ್ ಲೈಟಿನ ವೈರಿಗೆ ಜೋಡಿಸೋಕೆ ಒಂದು ತಂತಿ ಕೊಟ್ಟಿರ್ತಾರೆ. ಕೆಲವು ಕಡೆ ಅದನ್ನೂ ಜೋಡಿಸದೆ ನೇರ ಬ್ಯಾಟರಿಗೆ ಕೊಟ್ಟು ಕೆಲಸ ಮುಗಿಸ್ತಾರೆ. ಜೋಡಿಸಿದರೂ, ಕ್ಲಚ್ ಇರುವ ಗಾಡಿಗೆ ಬ್ರೇಕ್ ಸ್ವಿಚ್ ಒಂದೇ ಸಾಲದು. ಬ್ರೇಕ್ ಒತ್ತಿದ ಮಾತ್ರಕ್ಕೆ ಗೇರ್ ಬಿಡಲ್ಲ.

ಕಳ್ಳನಿಗೂ ಸಲೀಸು

ಚಾವಿಯ ತಲೆಯೊಳಗೆ ಒಂದು ಪುಟ್ಟ ಚಿಪ್ ಇರುತ್ತೆ. ಇಗ್ನಿಷನ್ ತೂತಿನ ಸುತ್ತ ಒಂದು ಕಾಯಿಲ್ ಅದನ್ನ ಓದುತ್ತೆ. ನಂಬರ್ ಹೊಂದದಿದ್ದರೆ ಎಂಜಿನ್ ಕಂಪ್ಯೂಟರ್ ಗಾಡಿ ಓಡಲು ಬಿಡಲ್ಲ. ಇದೇ ಇಮೊಬಿಲೈಸರ್. ನಕಲಿ ಚಾವಿ ಕಡೆಸಿ ತಿರುಗಿಸಿದರೂ ಗಾಡಿ ಹೋಗದಿರೋದು ಇದರಿಂದ.

ಪೂರ್ತಿ ಚಾವಿ ಇಲ್ಲದಂತೆ ಮಾಡಬೇಕಂದ್ರೆ ಈ ಇಮೊಬಿಲೈಸರನ್ನ ಸುಮ್ಮನಾಗಿಸಬೇಕು. ಸಾಮಾನ್ಯ ದಾರಿ ಏನಂದ್ರೆ ನಿಮ್ಮ ಎರಡನೇ ಚಾವಿಯ ಚಿಪ್ಪನ್ನ ಒಂದು ಡಬ್ಬಿಯಲ್ಲಿಟ್ಟು ಡ್ಯಾಶ್‌ಬೋರ್ಡ್ ಒಳಗೆ ಶಾಶ್ವತವಾಗಿ ಬಚ್ಚಿಡೋದು. ಸ್ಟೀರಿಂಗ್ ಲಾಕ್ ಬಿಡಿಸೋಕೆ ಪಿನ್ ಕತ್ತರಿಸ್ತಾರೆ, ಇಲ್ಲವೇ ತಲೆ ಕತ್ತರಿಸಿದ ಚಾವಿಯನ್ನ ತೂತಿನಲ್ಲೇ ಬಿಟ್ಟು ಮೇಲೆ ಮುಚ್ಚಳ ಹಾಕ್ತಾರೆ.

ಅಲ್ಲಿಗೆ ಕಂಪನಿ ಕೊಟ್ಟ ಎರಡು ಬೀಗ ಹೋದವು. ಉಳಿದದ್ದು ಕಿಟ್‌ನ ರಿಮೋಟ್ ಎಷ್ಟು ಭದ್ರವೋ ಅಷ್ಟು. ಡಬ್ಬಿ ಎಲ್ಲಿದೆ ಅಂತ ಅದನ್ನ ಇಟ್ಟವರಿಗೂ ಗೊತ್ತು.

ಇದರಲ್ಲಿ ದುಡ್ಡಿನ ಲೆಕ್ಕವೂ ಇದೆ. ಗಾಡಿ ಕಳುವಾಗಿ ವಿಮೆ ಕೇಳಲು ಹೋದರೆ ಕಂಪನಿಯವರು ಸಾಮಾನ್ಯವಾಗಿ ಎರಡೂ ಅಸಲಿ ಚಾವಿ ತನ್ನಿ ಅಂತಾರೆ. ಒಂದು ಚಾವಿಯ ಚಿಪ್ ಕದ್ದ ಗಾಡಿಯ ಒಳಗೇ ಹೋಗಿದ್ದರೆ ಏನಂತ ಉತ್ತರ ಕೊಡ್ತೀರಿ? ‘ಚಾವಿ ಗಾಡ್ಯಾಗ ಇತ್ತರೀ’ ಅಂದ್ರೆ ಅವರ ಫೈಲಿನಲ್ಲಿ ಬರೆಯೋದು ನಿರ್ಲಕ್ಷ್ಯ ಅಂತ.

ಶುರು ಮಾಡೋದಲ್ಲ, ನಿಲ್ಲಿಸೋದು

ರೀಲ್ಸ್‌ನಲ್ಲಿ ಎಲ್ಲರೂ ಸ್ಟಾರ್ಟ್ ತೋರಿಸ್ತಾರೆ. ಓಡುತ್ತಿರುವಾಗ ಬಟನ್ ಒತ್ತಿದರೆ ಏನಾಗುತ್ತೆ ಅನ್ನೋದನ್ನ ತೋರಿಸಲ್ಲ. ಇಲ್ಲಿ ಎರಡು ಕಡೆ ತಪ್ಪಾಗಬಹುದು. ನಿಲ್ಲಬೇಕಾದಾಗ ನಿಲ್ಲದೇ ಇರೋದು, ನಿಲ್ಲಬಾರದಾಗ ನಿಂತುಬಿಡೋದು. ಎರಡಕ್ಕೂ ಅಮೆರಿಕದಲ್ಲಿ ಜನ ಪ್ರಾಣ ಕೊಟ್ಟಿದ್ದಾರೆ.

2009ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಹತ್ತಿರ ಒಂದು ಲೆಕ್ಸಸ್ ಕಾರಿನ ಆಕ್ಸಿಲರೇಟರ್ ಕೆಳಗಿನ ಮ್ಯಾಟ್‌ಗೆ ಸಿಕ್ಕಿಕೊಂಡಿತು. ಕಾರು ವೇಗ ಹೆಚ್ಚಿಸಿಕೊಳ್ಳುತ್ತಲೇ ಹೋಗಿ ಅಪಘಾತವಾಗಿ ಒಳಗಿದ್ದ ನಾಲ್ವರೂ ತೀರಿಕೊಂಡರು. ಓಡಿಸುತ್ತಿದ್ದವರು ಹೆದ್ದಾರಿ ಪೊಲೀಸ್ ಅಧಿಕಾರಿ, ಅಂದ್ರೆ ಡ್ರೈವಿಂಗ್ ಬಾರದವರಲ್ಲ. ಆ ಕಾರು ಅವರ ಸ್ವಂತದ್ದಲ್ಲ, ಶೋರೂಮಿನವರು ತಾತ್ಕಾಲಿಕವಾಗಿ ಕೊಟ್ಟದ್ದು. ಅದರಲ್ಲಿ ಬಟನ್ ಸ್ಟಾರ್ಟ್ ಇತ್ತು. ಓಡುವಾಗ ಎಂಜಿನ್ ಬಂದ್ ಮಾಡಬೇಕಂದ್ರೆ ಬಟನ್ನನ್ನ ಮೂರು ಸೆಕೆಂಡು ಒತ್ತಿ ಹಿಡಿಯಬೇಕಿತ್ತು. ಚಾವಿ ಇದ್ದರೆ ಯಾರಿಗೂ ಹೇಳಿಕೊಡಬೇಕಿಲ್ಲ, ಹಿಂದಕ್ಕೆ ತಿರುಗಿಸಿದರೆ ಎಂಜಿನ್ ಬಂದ್. ಬಟನ್ನಿಗೆ ಪಾಠ ಬೇಕು. ಮನೆಯಲ್ಲಿ ಆ ಗಾಡಿ ಓಡಿಸುವ ಪ್ರತಿಯೊಬ್ಬರಿಗೂ ಬೇಕು.

ಎರಡನೆಯದು ಚಾವಿಯದ್ದೇ ಕಥೆ. ಜನರಲ್ ಮೋಟಾರ್ಸ್ 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನ ವಾಪಸ್ ಕರೆಸಿತು. ಅವುಗಳ ಇಗ್ನಿಷನ್ ಸ್ವಿಚ್ ಸಡಿಲವಾಗಿತ್ತು. ಚಾವಿಗೊಂಚಲು ಭಾರ ಇದ್ದರೆ, ಗಾಡಿ ಕುಲುಕಿದರೆ, ಚಾವಿ ತಾನೇ ಆನ್‌ನಿಂದ ಎಸಿಸಿಗೆ ಜಾರುತ್ತಿತ್ತು. ಎಂಜಿನ್ ಬಂದ್, ಪವರ್ ಸ್ಟೀರಿಂಗ್ ಬಂದ್, ಅಪಘಾತವಾದರೆ ಏರ್‌ಬ್ಯಾಗೂ ತೆರೆಯುತ್ತಿರಲಿಲ್ಲ. 124 ಸಾವುಗಳಿಗೆ ಪರಿಹಾರ ಕೊಡಲಾಯಿತು. ಬದಲಿಸಬೇಕಿದ್ದ ಭಾಗದ ಬೆಲೆ ಒಂದು ಡಾಲರಿಗೂ ಕಡಿಮೆ ಅನ್ನೋದು ಆ ದೇಶದ ಸಂಸತ್ತಿನ ವಿಚಾರಣೆಯಲ್ಲಿ ಹೊರಬಂತು.

ಇಷ್ಟು ದೊಡ್ಡ ಕಂಪನಿಯ ಸ್ವಿಚ್ಚೇ ಹೀಗಾಗಬಹುದಾದರೆ, ಆನ್ ಲೈನಿನ ಕರೆಂಟನ್ನೆಲ್ಲ ತನ್ನ ಮೂಲಕ ಹಾಯಿಸಿಕೊಳ್ಳುವ ಹೆಸರಿಲ್ಲದ ಡಬ್ಬಿಯ ರಿಲೇ ಮೇಲೆ ಎಷ್ಟು ಭರವಸೆ ಇಡಬಹುದು? ಡ್ಯಾಶ್‌ಬೋರ್ಡ್ ಹಿಂದೆ ಬೇಸಿಗೆಯ ಕಾವು, ಮಣ್ಣಿನ ರಸ್ತೆಯ ಧೂಳು, ಕುಲುಕಾಟ ಎಲ್ಲ ಅದರ ಪಾಲಿಗೇ. ಕಬ್ಬಿನ ಸೀಜನ್‌ನಲ್ಲಿ ರಾತ್ರಿ ಕೊರ್ತಿ-ಕೊಲ್ಹಾರ ಸೇತುವೆ ಮೇಲೆ ಹೋಗ್ತಿದ್ದೀರಿ ಅಂದ್ಕೊಳ್ಳಿ. ಎರಡೂ ಕಡೆ ಕೃಷ್ಣೆಯ ಹಿನ್ನೀರು. ಮುಂದೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್, ಹಿಂದೆ ಲಾರಿ. ಅಲ್ಲಿ ಎಂಜಿನ್, ಸ್ಟೀರಿಂಗ್ ಎರಡೂ ಒಟ್ಟಿಗೆ ಕೈಕೊಟ್ಟರೆ ಗಾಡಿಯನ್ನ ಪಕ್ಕಕ್ಕೆ ತಗೊಳ್ಳಲು ಪಕ್ಕವೇ ಇಲ್ಲ.

ಹಳೆ ಡೀಸೆಲ್ ಜೀಪು, ಟ್ರ್ಯಾಕ್ಟರ್ ಇದ್ದವರಿಗೆ ಇನ್ನೊಂದು ಮಾತು. ಅವುಗಳಲ್ಲಿ ಕೆಲವಕ್ಕೆ ಬಂದ್ ಮಾಡಲು ಎಳೆಯುವ ನಾಬ್ ಇರುತ್ತೆ. ಡೀಸೆಲ್‌ಗೆ ಕಿಡಿ ಬೇಕಿಲ್ಲ, ಕರೆಂಟ್ ಕಡಿದರೂ ಅಂಥ ಎಂಜಿನ್ ಓಡ್ತಾನೇ ಇರುತ್ತೆ. ಇಂಧನ ನಿಲ್ಲಿಸಿದರೆ ಮಾತ್ರ ನಿಲ್ಲುತ್ತೆ. ಅಂಥ ಗಾಡಿಗೆ ‘ಸ್ಟಾರ್ಟ್-ಸ್ಟಾಪ್’ ಅಂತ ಬರೆದ ಬಟನ್ ಹಾಕಿದರೆ ಅರ್ಧ ಸುಳ್ಳು ಬರೆದಂತೆ.

ಕಾಕಾನ ಗಾಡಿಗೆ ಏನು ಮಾಡಿದೆವು

ಇಷ್ಟೆಲ್ಲ ಹೇಳಿದ ಮೇಲೆ ಕಾಕಾ ಕೇಳಿದ್ದು ಒಂದೇ, ‘ಹಂಗಾದ್ರ ನನ್ನ ಕೈ ನೋವಿಗೆ ಏನ್ ಮಾಡ್ಲೆಪಾ?’

ಸರಿಯಾದ ಪ್ರಶ್ನೆ. ಅವರಿಗೆ ನೋವಾಗ್ತಿದ್ದದ್ದು ಚಾವಿಯ ನಾಲ್ಕು ಮೆಟ್ಟಿಲಿನಲ್ಲಿ ಕೊನೆಯದಕ್ಕೆ ಮಾತ್ರ, ಸ್ಪ್ರಿಂಗ್ ಇರುವ ಸ್ಟಾರ್ಟ್‌ಗೆ. ಆನ್‌ವರೆಗೆ ಚಾವಿ ಹಗುರವಾಗಿ ತಿರುಗುತ್ತೆ. ಹಾಗಾದರೆ ಬದಲಿಸಬೇಕಾದ್ದೂ ಅಷ್ಟೇ.

ಬಾಗಲಕೋಟೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಜೊತೆ ಕೂತು ಪ್ಲ್ಯಾನ್ ಮಾಡಿದೆವು. ಚಾವಿ ಇದ್ದಲ್ಲೇ ಇರುತ್ತೆ. ಸ್ಟೀರಿಂಗ್ ಲಾಕ್, ಇಮೊಬಿಲೈಸರ್ ಯಾವುದನ್ನೂ ಮುಟ್ಟಲ್ಲ. ಹಳದಿ ಕನೆಕ್ಟರ್ ಇರುವ ಏರ್‌ಬ್ಯಾಗ್ ವೈರುಗಳ ಹತ್ತಿರಕ್ಕೂ ಹೋಗಲ್ಲ. ಚಾವಿ ಆನ್‌ನಲ್ಲಿದ್ದಾಗ ಮಾತ್ರ ಜೀವ ಬರುವ ಒಂದು ಬಟನ್, ಸ್ಟೀರಿಂಗ್‌ನ ಎಡಕ್ಕೆ, ಎಡಗೈಗೆ ಸಿಗುವಂತೆ. ಬಟನ್ನಿನ ತೆಳು ತಂತಿಯಲ್ಲಿ ದೊಡ್ಡ ಕರೆಂಟ್ ಹರಿಯಬಾರದು, ಅದಕ್ಕೊಂದು ಸರಿಯಾದ ಆಂಪಿಯರಿನ ರಿಲೇ, ಅದಕ್ಕೊಂದು ಫ್ಯೂಸ್. ಬಟನ್ನಿನ ದಾರಿಯಲ್ಲಿ ಕ್ಲಚ್ ಪೆಡಲಿಗೆ ಒಂದು ಸ್ವಿಚ್. ಆಲ್ಟರ್ನೇಟರ್ ಚಾರ್ಜ್ ಮಾಡಲು ಶುರುವಾದ ಕೂಡಲೇ ಬಟನ್ನನ್ನ ಕಡಿದುಹಾಕುವ ಇನ್ನೊಂದು ಚಿಕ್ಕ ರಿಲೇ. ಬಟನ್ ಕೆಟ್ಟರೆ ಹಳೆ ರೀತಿ ಚಾವಿ ತಿರುಗಿಸಿದರೂ ಗಾಡಿ ಹತ್ತುತ್ತೆ. ಬಂದ್ ಮಾಡೋದು ಮೊದಲಿನಂತೆ ಚಾವಿಯಿಂದಲೇ.

ಚಾವಿಗೆ ಅಗಲವಾದ ಒಂದು ಹಿಡಿಕೆ ಹಾಕಿಸಿದೆವು, ಬೆರಳಿನಿಂದ ಹಿಂಡಬೇಕಿಲ್ಲ, ಅಂಗೈಯಿಂದಲೇ ತಿರುಗುತ್ತೆ. ಜೊತೆಗಿದ್ದ ಮನೆ ಚಾವಿ, ಹೊಲದ ಮೋಟಾರ್ ಪೆಟ್ಟಿಗೆ ಚಾವಿ, ಟ್ರಂಕಿನ ಚಾವಿ ಎಲ್ಲ ಬಿಚ್ಚಿ ಬೇರೆ ಗೊಂಚಲು ಮಾಡಿದೆವು. ಭಾರ ನೇತಾಡಬಾರದು ಅಂತ.

ಇದರಲ್ಲಿ ಒಂದು ಕೊರತೆ ಇದೆ. ಬಟನ್ನಿನಿಂದ ಸ್ಟಾರ್ಟ್ ಮಾಡುವಾಗ ರೇಡಿಯೋ, ಫ್ಯಾನ್ ತಾನಾಗಿ ಕಡಿಯಲ್ಲ. ಕಾಕಾ ಅವನ್ನ ಮೊದಲೇ ಆಫ್ ಮಾಡ್ತಾರೆ. ಸುರುಳಿ ದೀಪ ಆರೋತನಕ ಕಾಯೋದು ಅವರಿಗೆ ಮೊದಲಿನಿಂದಲೂ ರೂಢಿ.

ಕೆಲಸ ಮುಗಿದ ಮೇಲೆ ಪರೀಕ್ಷೆ. ಬಯಲಿನಲ್ಲಿ ಗಾಡಿ ನಿಲ್ಲಿಸಿ, ಮುಂದೆ ಹಿಂದೆ ಯಾರೂ ಇಲ್ಲ ಅಂತ ನೋಡಿ, ಹ್ಯಾಂಡ್‌ಬ್ರೇಕ್ ಎಳೆದು ಶುರು ಮಾಡಿದೆವು. ಚಾವಿ ತೆಗೆದು ಬಟನ್ ಒತ್ತಿದೆವು, ಏನೂ ಆಗಲಿಲ್ಲ. ಚಾವಿ ಆನ್ ಮಾಡಿ, ಗೇರಿನಲ್ಲಿಟ್ಟು, ಕ್ಲಚ್ ತುಳಿಯದೆ ಒತ್ತಿದೆವು, ಏನೂ ಆಗಲಿಲ್ಲ. ಎಂಜಿನ್ ಓಡುತ್ತಿರುವಾಗ ಕ್ಲಚ್ ತುಳಿದು ಒತ್ತಿದೆವು, ಏನೂ ಆಗಲಿಲ್ಲ.

ಕಾಕಾ ನಕ್ಕು, ‘ಒತ್ತಿದ್ರ ಏನೂ ಆಗೂದಿಲ್ಲಂದ್ರ ಅದಕ ರೊಕ್ಕ ಯಾಕ ಕೊಟ್ಟಿವಿ?’ ಅಂದ್ರು. ನಿಜ ಹೇಳಬೇಕಂದ್ರೆ ರೊಕ್ಕ ಕೊಟ್ಟದ್ದು ಆ ಮೂರು ‘ಏನೂ ಆಗಲಿಲ್ಲ’ಕ್ಕೇ. ಎಂಜಿನ್ ಹತ್ತಿಸೋಕೆ ಎರಡು ತಂತಿ ಸಾಕು. ಹತ್ತಬಾರದಾಗ ಹತ್ತದಂತೆ ನೋಡ್ಕೊಳ್ಳೋದಕ್ಕೆ ಉಳಿದ ಎಲ್ಲ ಕೆಲಸ. ನಮ್ಮ ಆಫೀಸಿನಲ್ಲೂ ಒಳ್ಳೆ ಟೆಸ್ಟರ್ ಮೊದಲು ನೋಡೋದು ಇದನ್ನೇ, ಆಗಬಾರದ್ದು ಆಗ್ತಿಲ್ಲ ತಾನೇ ಅಂತ.

ಕಾಯ್ದೆ ಮತ್ತು ವಿಮೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿ ಬರೆದಿರುವ ವಿವರಗಳು ಕಂಪನಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಬದಲಾವಣೆ ಮಾಡಿದ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅನ್ನೋ ನಿಯಮ ಬಂತು. ಸ್ಟಾರ್ಟ್ ಬಟನ್ ಇದೆಯೋ ಇಲ್ಲವೋ ಅಂತ ಆರ್‌ಸಿಯಲ್ಲಿ ಬರೆದಿರಲ್ಲ, ನಿಜ. ಆದರೆ ಸ್ಟೀರಿಂಗ್ ಲಾಕಿನ ಪಿನ್ ಕತ್ತರಿಸೋದು ಸುರಕ್ಷತೆಯ ಭಾಗವನ್ನೇ ತೆಗೆದಂತೆ, ಅದನ್ನ ಬಟನ್ನಿನ ಲೆಕ್ಕದಲ್ಲಿ ಸೇರಿಸಬೇಡಿ. ಅಂಗವೈಕಲ್ಯ ಇರುವವರು ತಮಗೆ ಬೇಕಾದಂತೆ ಗಾಡಿ ಬದಲಿಸಿಕೊಂಡು ನೋಂದಣಿ ಮಾಡಿಸಲು ಕಾಯ್ದೆಯಲ್ಲೇ ದಾರಿ ಇದೆ. ಮನೆಯಲ್ಲಿ ಅಂಥವರಿದ್ದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ, ಆಮೇಲೆ ಗ್ಯಾರೇಜಿಗೆ.

ವಿಮೆ ಕಂಪನಿಗೂ ಬರೆದು ತಿಳಿಸಿ. ಕಂಪನಿ ಕೊಡದ ಎಲೆಕ್ಟ್ರಿಕಲ್ ಸಾಮಾನನ್ನ ಪಾಲಿಸಿಯಲ್ಲಿ ಬೇರೆಯಾಗಿ ಸೇರಿಸಬಹುದು. ಹೇಳದೆ ಬಿಟ್ಟು ನಾಳೆ ವೈರಿಂಗ್ ಸುಟ್ಟರೆ, ಸರ್ವೇಯರ್ ಮೊದಲು ನೋಡೋದೇ ಹೊರಗಿನವರು ಎಲ್ಲಿ ತಂತಿ ಕಡಿದು ಜೋಡಿಸಿದ್ದಾರೆ ಅಂತ.

ಮಿಸ್ತ್ರಿಗೆ ಕೇಳಿ

ಬಟನ್ ಹಾಕಿಸುವ ಆಸೆ ಇದ್ದರೆ ಈ ಪ್ರಶ್ನೆಗಳನ್ನ ಫೋನಿನಲ್ಲಿ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಡ್ಯಾಶ್‌ಬೋರ್ಡ್ ಬಿಚ್ಚುವ ಮೊದಲೇ ಕೇಳಿ.

1. ಕ್ಲಚ್ ತುಳಿಯದೆ ಬಟನ್ ಒತ್ತಿದರೆ ಸ್ಟಾರ್ಟರ್ ತಿರುಗುತ್ತಾ? ತಿರುಗೋದಾದರೆ ಬೇಡ.

2. ಎಂಜಿನ್ ಓಡುವಾಗ ಮತ್ತೆ ಒತ್ತಿದರೆ ಏನಾಗುತ್ತೆ? ಸ್ಟಾರ್ಟರ್ ತಿರುಗಬಾರದು, ಬೆರಳು ತಾಗಿದ ಮಾತ್ರಕ್ಕೆ ಎಂಜಿನ್ ಬಂದ್ ಕೂಡ ಆಗಬಾರದು.

3. ಓಡುವಾಗ ತುರ್ತಾಗಿ ಎಂಜಿನ್ ನಿಲ್ಲಿಸೋದು ಹೇಗೆ? ಎಷ್ಟು ಸೆಕೆಂಡು ಒತ್ತಬೇಕು? ಮನೆಯವರೆಲ್ಲ ಒಮ್ಮೆ ಮಾಡಿ ನೋಡಬಹುದಾ?

4. ಸ್ಟೀರಿಂಗ್ ಲಾಕ್ ಏನಾಗುತ್ತೆ? ‘ಕಟ್ ಮಾಡ್ತೀವ್ರಿ’ ಅಂದ್ರೆ ಅಲ್ಲಿಗೇ ನಿಲ್ಲಿಸಿ.

5. ಇಮೊಬಿಲೈಸರ್ ಹಾಗೇ ಇರುತ್ತಾ? ನನ್ನ ಎರಡನೇ ಚಾವಿ ನನ್ನ ಹತ್ತಿರವೇ ಉಳಿಯುತ್ತಾ?

6. ಡೀಸೆಲ್ ಆದರೆ ಗ್ಲೋ ಪ್ಲಗ್‌ಗೆ ಕಾಯುವ ವ್ಯವಸ್ಥೆ ಇದೆಯಾ?

7. ರಿಲೇ, ಫ್ಯೂಸ್ ಎಷ್ಟು ಆಂಪಿಯರ್? ತಂತಿ ಜೋಡಿಸೋದು ಹೇಗೆ? ಬರೀ ಸುತ್ತಿ ಟೇಪ್ ಹಾಕೋದಾದರೆ ಬೇಡ.

8. ರಿಮೋಟಿನ ಸೆಲ್ ಸತ್ತರೆ, ಡಬ್ಬಿ ಕೆಟ್ಟರೆ, ಗದ್ದನಕೇರಿ ಕ್ರಾಸಿನಲ್ಲಿ ರಾತ್ರಿ ಹತ್ತಕ್ಕೆ ನಿಂತರೆ, ಗಾಡಿ ಶುರು ಮಾಡುವ ಎರಡನೇ ದಾರಿ ಯಾವುದು?

ಎಂಟಕ್ಕೂ ನೇರವಾಗಿ ಉತ್ತರ ಕೊಡುವ ಮಿಸ್ತ್ರಿ ಸಿಕ್ಕರೆ ಅವರ ನಂಬರ್ ಜೋಪಾನವಾಗಿ ಇಟ್ಕೊಳ್ಳಿ, ಕೇಳಿದಷ್ಟು ಕೂಲಿ ಕೊಡಿ. ‘ಅದೆಲ್ಲ ಏನೂ ಆಗೂದಿಲ್ರಿ’ ಅಂತ ಒಂದೇ ಮಾತಿನಲ್ಲಿ ಮುಗಿಸಿದರೆ, ಆ ಏನೂ ಆಗದಿರೋದನ್ನ ನಿಮ್ಮ ಕಣ್ಣೆದುರೇ ಒಂದೊಂದಾಗಿ ಒತ್ತಿ ತೋರಿಸೋಕೆ ಹೇಳಿ. ತೋರಿಸಿದ ಮೇಲೆ ದುಡ್ಡು.